‘ಈಗಿನ ಓಲ್ಡ್ ಸ್ಪೈಸ್ ಬರೀ ನೀರು’ ಅನ್ನುವವರಿಗೆ

ಕಳೆದ ತಿಂಗಳು ನೆಂಟರ ಮದುವೆಯಲ್ಲಿ ಭಾವ ನನ್ನ ಕೆನ್ನೆ ಹತ್ತಿರ ಮೂಗು ತಂದರು. "ಓಲ್ಡ್ ಸ್ಪೈಸ್ ಅಲ್ವಾ? ಎಂಥಾ ಮಾರಾಯ, ಈಗಿನದ್ದು ಬರೀ ನೀರು. ಮೊದಲಿನದ್ದು ಹಚ್ಚಿದ್ರೆ ಊಟದ ಪಂಕ್ತಿಯ ಆ ತುದಿಗೂ ಗೊತ್ತಾಗ್ತಿತ್ತು" ಅಂದರು. ಶೇವ್ ಆದ ಮೇಲೆ ಮುಖಕ್ಕೆ ಹಚ್ಚುವ ಈ ಲೋಷನ್ ಬಗ್ಗೆ ಈ ಮಾತನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಅಲ್ಲಿ ತಲೆಯಾಡಿಸಿ ಬಂದೆ. ಮನೆಗೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ಯಾಕಂದರೆ ನನ್ನ ಬೀರುವಿನಲ್ಲಿ ಮೂರು ಓಲ್ಡ್ ಸ್ಪೈಸ್ ಬಾಟಲಿಗಳಿವೆ. ಒಂದು, ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ಸೋದರಮಾವ 1970ರ ದಶಕದ ಕೊನೆಗೆ ಅಮೆರಿಕದಿಂದ ತಂದಿದ್ದು. ಹಾಲಿನ ಬಣ್ಣದ ಗಾಜು, ಬೂದು ಬಣ್ಣದ ಬಿರಡೆ, ‘ಶುಲ್ಟನ್’ ಅಂತ ಮೊದಲು ಇದನ್ನು ತಯಾರಿಸುತ್ತಿದ್ದ ಕಂಪನಿಯ ಹೆಸರು. ಒಳಗೆ ಕಾಲು ಭಾಗ ಉಳಿದಿದೆ. ಎರಡನೆಯದು ಕೆಲವು ವರ್ಷಗಳ ಹಿಂದೆ ಶಿರಸಿಯ ಅಂಗಡಿಯಲ್ಲಿ ನಾನೇ ಕೊಂಡ ನಮ್ಮ ದೇಶದ ಬಿಳಿ ಗಾಜಿನ ಬಾಟಲಿ. ಮೂರನೆಯದು ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ತಂದುಕೊಟ್ಟ ಪ್ಲಾಸ್ಟಿಕ್ ಬಾಟಲಿ, ಕೆಂಪು ಬಿರಡೆಯದ್ದು. ಒಂದು ತಿಂಗಳು ಈ ಮೂರನ್ನೂ ಹಚ್ಚಿ ನೋಡಿದೆ. ಹಚ್ಚಿದ್ದಷ್ಟೇ ಅಲ್ಲ, ಡ್ರಾಯಿಂಗ್ ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಹನಿ ಹಾಕಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟೆ. ಹಿಂದೆ ಒಂದು, ಎರಡು, ಮೂರು ಅಂತ ಬರೆದಿದ್ದೆ. ಮಗಳಿಗೆ ಮುಂದಿನ ಬದಿ ಮಾತ್ರ ತೋರಿಸಿ ಮೂಸಿ ನೋಡಲು ಹೇಳುತ್ತಿದ್ದೆ.

ಮೊದಲು ಮಾವನ ಬಾಟಲಿ. ಬಿರಡೆ ತೆಗೆದ ತಕ್ಷಣ ಬರುವುದು ಒಳ್ಳೆಯ ವಾಸನೆ ಅಲ್ಲ. ಹಳೇ ಮರದ ಪಾಲಿಶ್ ಥರ, ಸ್ವಲ್ಪ ಕೆಮ್ಮಿನ ಔಷಧಿ ಥರ. ಮಗಳು ಮುಖ ಕಿವುಚಿದಳು. ಹತ್ತು ನಿಮಿಷ ಕಾಯಬೇಕು. ಆಮೇಲೆ ಲವಂಗ ಬರುತ್ತದೆ. ಅಡುಗೆಮನೆ ಡಬ್ಬಿಯ ಒಣ ಲವಂಗ ಅಲ್ಲ, ಮರದಿಂದ ಆಗ ತಾನೇ ಕಿತ್ತ ಹಸಿ ಮೊಗ್ಗಿನ ಘಾಟು. ತೋಟದಲ್ಲಿ ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಇರುವ ನಮ್ಮ ಕಡೆಯವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಅದರ ಹಿಂದೆ ಕಾರ್ನೇಷನ್ ಹೂವಿನ ಕಂಪು. ಎರಡು ಗಂಟೆ ಕಳೆದ ಮೇಲೆ ಎಲ್ಲ ಸೇರಿ ಒಣಗಿದ, ಪೌಡರಿನಂಥ, ಬೆಚ್ಚಗಿನ ಒಂದು ವಾಸನೆ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಗ್ಗದ ಹತ್ತಿರ ಹೋದರೆ ಆ ಪಟ್ಟಿ ಇನ್ನೂ ಘಮಘಮ ಅನ್ನುತ್ತಿತ್ತು. ಉಳಿದ ಎರಡು ಪಟ್ಟಿಗಳು ಹೆಚ್ಚುಕಡಿಮೆ ಬರೀ ಕಾಗದ.

ಹಾಗಾದರೆ ಭಾವ ಹೇಳಿದ್ದೇ ಸರಿ ಅಂತ ನೀವು ಅನ್ನಬಹುದು. ಅರ್ಧ ಸರಿ. ಉಳಿದರ್ಧದ ಬಗ್ಗೆಯೇ ನನಗೆ ಹೇಳಬೇಕಾಗಿರುವುದು.

ಓಲ್ಡ್ ಸ್ಪೈಸ್ ಬಿರಡೆ ತಿರುಪಿನದ್ದಲ್ಲ, ಒತ್ತಿ ಕೂರಿಸುವಂಥದ್ದು. ಒಳಗಿರುವುದರಲ್ಲಿ ಜಾಸ್ತಿ ಪಾಲು ಆಲ್ಕೋಹಾಲ್, ಅದು ನೀರಿಗಿಂತ ಬೇಗ ಆವಿಯಾಗುತ್ತದೆ. ನಲವತ್ತು ವರ್ಷ ಬೀರುವಿನಲ್ಲಿ ಕೂತ ಬಾಟಲಿಯಿಂದ ಅದು ಸದ್ದಿಲ್ಲದೆ ಹೋಗುತ್ತಾ ಇರುತ್ತದೆ. ಸುಗಂಧದ ಭಾರವಾದ ಎಣ್ಣೆಗಳು ಉಳಿದುಕೊಳ್ಳುತ್ತವೆ. ಸಾರು ಕುದಿಸಿ ಕುದಿಸಿ ಬತ್ತಿಸಿದರೆ ಖಾರ, ಉಪ್ಪು ಹೆಚ್ಚಾಗುತ್ತದೆ ಅಲ್ವಾ, ಹಾಗೆ. ಮಾವ ಕೊಂಡ ದಿನ ಅದು ಇಷ್ಟು ಗಟ್ಟಿಯಾಗಿರಲಿಲ್ಲ. ಇನ್ನೊಂದು ಕಡೆ ಕಿತ್ತಳೆ, ನಿಂಬೆಯಂಥ ಹಗುರ ವಾಸನೆಗಳು ಗಾಳಿ ತಾಗಿ ಕೆಡುತ್ತವೆ. ಬಿರಡೆ ತೆಗೆದಾಗ ಬರುವ ಆ ಪಾಲಿಶ್ ವಾಸನೆ ಕೆಟ್ಟುಹೋದ ಕಿತ್ತಳೆಯದ್ದೇ ಅಂತ ನನ್ನ ಅಂದಾಜು. ಅಂದರೆ ನಾವು ಹಳೆಯದ್ದು ಅಂತ ಮೂಸುತ್ತಿರುವುದರಲ್ಲಿ ಒಂದು ಪಾಲು ಆ ಕಾಲದ ತಯಾರಿಕೆ, ಇನ್ನೊಂದು ಪಾಲು ಬರೀ ವಯಸ್ಸು. ಎರಡನ್ನೂ ಬೇರೆ ಮಾಡದೆ ಹೊಸದಕ್ಕೆ ನೀರು ಬೆರೆಸಿದ್ದಾರೆ ಅನ್ನುವುದು ಅನ್ಯಾಯ.

ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಓಸ್ಮೊತೆಕ್ ಅಂತ ಒಂದು ಸಂಸ್ಥೆ ಇದೆ. 1990ರಲ್ಲಿ ಶುರುವಾಗಿದ್ದು. ಹಳೇ ಸುಗಂಧಗಳನ್ನು ಕತ್ತಲಲ್ಲಿ, 12 ಡಿಗ್ರಿ ತಂಪಿನಲ್ಲಿ, ಬಾಟಲಿಯೊಳಗಿನ ಗಾಳಿ ತೆಗೆದು ಆರ್ಗಾನ್ ಅನಿಲ ತುಂಬಿ ಕಾಪಾಡುತ್ತಾರೆ. ಹಳೆಯದು ನಿಜವಾಗಿ ಹೇಗಿತ್ತು ಅಂತ ತಿಳಿಯಲು ಅಷ್ಟು ಕಷ್ಟಪಡಬೇಕು. ನಮ್ಮ ಬೀರು ಅದಲ್ಲ.

ಆದರೂ ತಯಾರಿಕೆ ಬದಲಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಬದಲಾಗಿದೆ ಅನ್ನುವುದಕ್ಕೆ ನನ್ನ ಮೂಗೇ ಸಾಕ್ಷಿ. ಅದಕ್ಕೆ ಒಂದು ದೊಡ್ಡ ಕಾರಣ ಚರ್ಮ. ಲವಂಗದ ಆ ಘಾಟಿಗೆ ಕಾರಣ ಯೂಜಿನಾಲ್ ಅನ್ನುವ ಅಂಶ. ಅದರ ಅಣ್ಣತಮ್ಮನಂಥ ಐಸೋಯೂಜಿನಾಲ್ ಕಾರ್ನೇಷನ್ ಕಂಪಿಗೆ ಬೇಕು. ಇವು, ದಾಲ್ಚಿನ್ನಿಯ ಸಿನಮಾಲ್, ಒಣಹುಲ್ಲಿನ ಸಿಹಿ ಕೊಡುವ ಕೂಮರಿನ್, ಎಲ್ಲವೂ ಕೆಲವರ ಚರ್ಮಕ್ಕೆ ಅಲರ್ಜಿ. ಯುರೋಪಿಯನ್ ಒಕ್ಕೂಟ 2003ರಲ್ಲಿ ಇಂಥ 26 ಸುಗಂಧ ವಸ್ತುಗಳ ಪಟ್ಟಿ ಮಾಡಿ, ಹಚ್ಚಿ ಹಾಗೇ ಬಿಡುವ ಸಾಮಾನಿನಲ್ಲಿ ಶೇ 0.001ಕ್ಕಿಂತ ಹೆಚ್ಚಿದ್ದರೆ ಲೇಬಲ್ ಮೇಲೆ ಹೆಸರು ಹಾಕಲೇಬೇಕು ಅಂದಿತು. ಸುಗಂಧ ಉದ್ಯಮದವರೇ 1973ರಲ್ಲಿ ಕಟ್ಟಿಕೊಂಡ ಇಫ್ರಾ ಅನ್ನುವ ಸಂಘವೂ ಎಷ್ಟು ಹಾಕಬಹುದು ಅಂತ ಮಿತಿ ಹೇರುತ್ತಾ ಬಂದಿದೆ. ಆಗಷ್ಟೇ ಶೇವ್ ಮಾಡಿದ ಚರ್ಮಕ್ಕೆ ಹಚ್ಚುವ ಆಲ್ಕೋಹಾಲ್ ಲೋಷನ್‌ಗಳನ್ನು ಆ ಸಂಘ ಒಂದು ಕಾಲಕ್ಕೆ ಪ್ರತ್ಯೇಕ ಗುಂಪಾಗಿಯೇ ನೋಡುತ್ತಿತ್ತು. ಸರಿಯೇ ಅಲ್ವಾ? ಬ್ಲೇಡು ಆಡಿದ ಕೆನ್ನೆ ಅಂದರೆ ಸಣ್ಣ ಸಣ್ಣ ಗಾಯಗಳ ಬಯಲು.

ಕಸ್ತೂರಿಯ ವಿಷಯ ಇನ್ನೂ ಸ್ವಾರಸ್ಯ. 1888ರಲ್ಲಿ ಆಲ್ಬರ್ಟ್ ಬೌರ್ ಅನ್ನುವವರು ಸಿಡಿಮದ್ದಿನ ಪ್ರಯೋಗ ಮಾಡುವಾಗ ಕಸ್ತೂರಿ ಪರಿಮಳ ಬರುವ ವಸ್ತು ಸಿಕ್ಕಿತು. ಅಲ್ಲಿಂದ ನೈಟ್ರೋ ಕಸ್ತೂರಿಗಳು, ಅಂದರೆ ಪ್ರಯೋಗಶಾಲೆಯಲ್ಲಿ ಮಾಡಿದ ಕಸ್ತೂರಿ ಪರಿಮಳದ ವಸ್ತುಗಳು, ಹುಟ್ಟಿದವು. ಹಿಂದಿನ ಸುಗಂಧಗಳಲ್ಲಿ ಅವು ಮಾಮೂಲು. ಆ ಪೌಡರಿನಂಥ ಬಿಸುಪು ಬರುತ್ತಿದ್ದುದು ಬಹಳ ಮಟ್ಟಿಗೆ ಅವುಗಳಿಂದ. ಅವುಗಳಲ್ಲಿ ಒಂದಾದ ಮಸ್ಕ್ ಆಂಬ್ರೆಟ್ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕೆಲವರಿಗೆ ಮುಖ ಕೆಂಪೇರಿ, ತುರಿಸಿ, ಕಪ್ಪಾಗುತ್ತದೆ ಅಂತ ಗೊತ್ತಾಯಿತು. ಹಾಗಾಗಿ ಅದನ್ನು ಕೈಬಿಟ್ಟರು. ಚಿಕ್ಕವನಿದ್ದಾಗ ನಮ್ಮೂರಲ್ಲಿ ಕುತ್ತಿಗೆ ಮೇಲೆ ಇಂಥ ಕಪ್ಪು ಕಲೆ ಇದ್ದ ಒಬ್ಬರನ್ನು ನೋಡಿದ್ದೇನೆ. ಅವರು ಹಚ್ಚುತ್ತಿದ್ದುದು ಯಾವ ಲೋಷನ್ ಅಂತ ಗೊತ್ತಿಲ್ಲ. ಆದರೆ ಇದನ್ನು ಓದಿದಾಗ ಅವರ ಮುಖ ಕಣ್ಣಮುಂದೆ ಬಂತು. ಘಮ ಒಂದು ಗಂಟೆ ಕಡಿಮೆ ಇದ್ದರೂ ಪರವಾಗಿಲ್ಲ, ಯಾರ ಚರ್ಮವೂ ಸುಡಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ಪ್ಲಾಸ್ಟಿಕ್ ಬಾಟಲಿ. ಹಚ್ಚಿದ ಮೊದಲ ಐದು ನಿಮಿಷ ಮೂರರಲ್ಲಿ ಚೆನ್ನಾಗಿರುವುದು ಇದೇ. ಕಿತ್ತಳೆ ಚುರುಕಾಗಿದೆ, ಮುಖ ತಣ್ಣಗಾಗುತ್ತದೆ. ಮಗಳು ಮೊದಲ ದಿನವೇ ಆರಿಸಿದ್ದು ಇದನ್ನು. ಆದರೆ ಲವಂಗ ತಲೆ ಎತ್ತುವುದೇ ಇಲ್ಲ. ಹನ್ನೊಂದು ಗಂಟೆಯ ಚಹಾ ಹೊತ್ತಿಗೆ ಮುಗಿಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಶಿರಸಿಯ ಅಂಗಡಿಯ ಬಾಟಲಿ. ಶುರುವಿನಲ್ಲಿ ಕಿತ್ತಳೆ ಇದೆ, ಚಕ್ರಮೊಗ್ಗಿನ ಸಿಹಿ ಇದೆ, ನಂತರ ಲವಂಗ ಬರುತ್ತದೆ, ಕೊನೆಗೆ ವೆನಿಲಾ. ಮಾವನದ್ದರಷ್ಟು ಆಳ ಇಲ್ಲ, ಸ್ವಲ್ಪ ಸಿಹಿ ಜಾಸ್ತಿ. ಆದರೆ ಕ್ರಮ ಸರಿಯಾಗಿದೆ. ಮಧ್ಯಾಹ್ನದ ಊಟದವರೆಗೆ ಕೆನ್ನೆ ಮೇಲೆ ಇರುತ್ತದೆ. ನಮ್ಮಲ್ಲಿ ಇದು ಬಹಳ ಕಾಲ ಲೈಸೆನ್ಸ್ ಮೇಲೆ ಗೋವಾದಲ್ಲಿ ತಯಾರಾಗುತ್ತಿತ್ತು. ಶೇವಿಂಗ್ ಬ್ರಷ್, ಸೇಫ್ಟಿ ರೇಜರ್ ಬಿಡದ ಎಷ್ಟೋ ಅಮೆರಿಕನ್ನರು ಹಳೇ ಶುಲ್ಟನ್ ವಾಸನೆಗೆ ಹತ್ತಿರ ಇರುವುದು ಇದೇ ಅಂತ ಭಾರತದ ಬಾಟಲಿಯನ್ನು ಹುಡುಕಿ ತರಿಸಿಕೊಳ್ಳುತ್ತಾರೆ. ನಾವು ಫಾರಿನ್ ಸಾಮಾನು ಅಂತ ಮಾವನ ಬಾಟಲಿಗೆ ಕೈ ಚಾಚುತ್ತಿದ್ದೆವು. ಅವರು ನಮ್ಮೂರ ಅಂಗಡಿಯಲ್ಲಿ ಸಿಗುವುದಕ್ಕೆ ಕೈ ಚಾಚುತ್ತಿದ್ದಾರೆ. ನಿಜವಾಗಿ ಹೆಮ್ಮೆ ಅನ್ನಿಸಿತು.

ಕಳೆದುಕೊಂಡದ್ದು ಏನು ಅಂತ ಕೇಳಿದರೆ, ನಾನು ಮೊದಲು ಹೇಳುವುದು ಗಾಜು. ಶುಲ್ಟನ್ ಕಂಪನಿ ಕಟ್ಟಿದ ವಿಲಿಯಂ ಲೈಟ್‌ಫುಟ್ ಶುಲ್ಟ್ಜ್, ತಾಯಿ ಮನೆಯಲ್ಲಿ ಇಡುತ್ತಿದ್ದ ಒಣಹೂವು, ಮಸಾಲೆಗಳ ಬಟ್ಟಲಿನಿಂದ ಈ ಪರಿಮಳದ ಯೋಚನೆ ಪಡೆದರಂತೆ. 1937ರಲ್ಲಿ ಮೊದಲು ಬಂದಿದ್ದು ಹೆಂಗಸರಿಗಾಗಿ. ಗಂಡಸರದ್ದು ಮರುವರ್ಷ, 1938ರಲ್ಲಿ. ಶುರುವಿನ ಬಾಟಲಿಗಳು ಪಿಂಗಾಣಿಯವು, ಆಮೇಲೆ ಬಿಳಿ ಗಾಜು. ಮೇಲಿದ್ದ ಹಡಗು ‘ಗ್ರ್ಯಾಂಡ್ ಟರ್ಕ್’, ಅಮೆರಿಕದ ಸೇಲಂ ಬಂದರಿನದ್ದು. ನಮ್ಮ ಪಕ್ಕದ ಸೇಲಂ ಅಲ್ಲ, ಮ್ಯಾಸಚೂಸೆಟ್ಸ್‌ನದ್ದು. ಪೂರ್ವ ದೇಶಗಳ ಮೆಣಸು, ಮಸಾಲೆ ತುಂಬಿಕೊಂಡು ಹಡಗುಗಳು ಬರುತ್ತಿದ್ದ ಊರು ಅದು. ಹೆಸರಿನಲ್ಲಿ ಸ್ಪೈಸ್, ಮೇಲೆ ಹಡಗು, ಒಳಗೆ ಲವಂಗ. ಎಲ್ಲ ಒಂದಕ್ಕೊಂದು ಹೊಂದಿಕೊಂಡಿತ್ತು. 1990ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಇದನ್ನು ಕೊಂಡಿತು. ಆಮೇಲೆ ಹಳೇ ಹಡಗು ಹೋಗಿ ಹಾಯಿದೋಣಿ ಬಂತು. 2008ರಲ್ಲಿ ಅಮೆರಿಕದಲ್ಲಿ ಬಿಳಿ ಗಾಜಿನ ಜಾಗಕ್ಕೆ ಪ್ಲಾಸ್ಟಿಕ್, ಬೂದು ಬಿರಡೆಯ ಜಾಗಕ್ಕೆ ಕೆಂಪು ಬಂತು. ಆ ಗಾಜು ಅಂಗೈಯಲ್ಲಿ ತಣ್ಣಗೆ ಕೂರುತ್ತಿತ್ತು. ಬಾಟಲಿ ಖಾಲಿಯಾದರೂ ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಅಮ್ಮ ಅದರಲ್ಲಿ ದೇವರ ಮುಂದೆ ದಾಸವಾಳ ಇಡುತ್ತಿದ್ದಳು.

ನನ್ನ ದೂರು ಒಂದೇ. ತಯಾರಿಕೆ ಬದಲಾದಾಗ ಸುಗಂಧದ ಕಂಪನಿಗಳು ಸಾಮಾನ್ಯವಾಗಿ ಡಬ್ಬಿ ಮೇಲೆ ಹೇಳುವುದಿಲ್ಲ. ಇಂಥ ವರ್ಷದಿಂದ ಹೊಸ ಮಿಶ್ರಣ, ಇಂಥ ಕಾರಣಕ್ಕೆ ಅಂತ ಒಂದು ಸಾಲು ಹಾಕಿದರೆ ಸಾಕು. ಮೋಸ ಹೋದೆವು ಅನ್ನುವ ಭಾವನೆ ಜನರಲ್ಲಿ ಹುಟ್ಟುವುದಿಲ್ಲ. ಇಲ್ಲದಿದ್ದರೆ ಹಳೆಯದನ್ನು ಹುಡುಕಿ ಹೋಗಿ ಇನ್ನೂ ದೊಡ್ಡ ಮೋಸಕ್ಕೆ ಸಿಕ್ಕಿಬೀಳುತ್ತಾರೆ. ನನಗೂ ಆಯಿತು. ಒಬ್ಬ ವ್ಯಾಪಾರಿಯಿಂದ ಎಂಬತ್ತರ ದಶಕದ್ದು ಅಂತ ಒಂದು ಬಾಟಲಿ ತರಿಸಿದ್ದೆ. ಗಾಜು ಹಳೆಯದೇ. ಒಳಗಿದ್ದದ್ದು ಬಣ್ಣ ಹಾಕಿದ ಸ್ಪಿರಿಟ್ಟು. ಕೊಳ್ಳುವವರು ಮೊದಲು ಬಿರಡೆಯ ಒಳಭಾಗ ಮೂಸಿ ನೋಡಿ. ದ್ರವ ಬದಲಿಸಬಹುದು, ಬಿರಡೆಗೆ ಹಿಡಿದ ಲವಂಗದ ವಾಸನೆ ಹುಟ್ಟಿಸುವುದು ಸುಲಭ ಅಲ್ಲ.

ಭಾವನಿಗೆ ಮೂರು ಪಟ್ಟಿಗಳನ್ನೂ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ನನ್ನ ಹತ್ತಿರ ಇಲ್ಲದಿರುವುದು ಎಂಬತ್ತರ ದಶಕದ ನಮ್ಮ ದೇಶದ ಬಾಟಲಿ, ಅಪ್ಪ ಹಚ್ಚುತ್ತಿದ್ದಂಥದ್ದು. ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಕಡೆ ಯಾರ ಮನೆಯಲ್ಲಾದರೂ ಅರ್ಧ ಉಳಿದದ್ದು ಇದ್ದರೆ ತಿಳಿಸಿ. ಮಾರುವುದು ಬೇಡ, ನಿಮ್ಮಲ್ಲೇ ಇರಲಿ. ನಾನೇ ಬರುತ್ತೇನೆ, ಒಂದು ಕಾಗದದ ಪಟ್ಟಿಗೆ ಒಂದು ಹನಿ ಸಾಕು.