ಒಂಟಿ ಕುರ್ಚಿಯ ಗುಡ್ಡ

ಗೆಳೆಯರ ಜೊತೆ ಹೋದರೂ ಒಬ್ಬೊಬ್ಬರಾಗಿಯೇ ಏರಬೇಕಾದ ಗುಡ್ಡವೊಂದು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದೆ. ಹೆಸರು ಮ್ಯಾಡ್ ರಿವರ್ ಗ್ಲೆನ್. ನನ್ನ ಹನ್ನೊಂದು ಚಳಿಗಾಲಗಳ ಶನಿವಾರಗಳನ್ನೆಲ್ಲ ಅದು ನುಂಗಿ ಹಾಕಿದೆ. ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟಕ್ಕೆ ಸ್ಕೀ ಎನ್ನುತ್ತಾರೆ. ಬೇರೆ ಸ್ಕೀ ಗುಡ್ಡಗಳಲ್ಲಿ ತಂತಿಹಗ್ಗಕ್ಕೆ ತೂಗುಬಿಟ್ಟ ಒಂದೊಂದು ಕುರ್ಚಿಯಲ್ಲಿ ನಾಲ್ಕು, ಆರು ಮಂದಿ ಬಸ್ಸಿನ ಹಿಂದಿನ ಸೀಟಿನವರಂತೆ ಒತ್ತಿಕೊಂಡು ಕುಳಿತು ಹರಟುತ್ತ ಮೇಲೇರುತ್ತಾರೆ. ಇಲ್ಲಿ 1948ರಲ್ಲಿ ಕಟ್ಟಿದ ಲಿಫ್ಟಿನಲ್ಲಿ ಮಾತ್ರ ಒಂದು ಕುರ್ಚಿಗೆ ಒಬ್ಬನೇ. ಈ ಬಗೆಯ ಲಿಫ್ಟು ಇಡೀ ಅಮೆರಿಕದಲ್ಲಿ ಇದನ್ನು ಬಿಟ್ಟರೆ ಅಲಾಸ್ಕದ ಕಾರ್ಡೋವ ಎಂಬ ಊರಿನಲ್ಲಿ ಮಾತ್ರ ಉಳಿದಿದೆ. ಗುಡ್ಡವೇನೂ ಆಕಾಶ ಮುಟ್ಟುವಂಥದ್ದಲ್ಲ. ಅದರ ತುದಿ 3,637 ಅಡಿ, ಅಂದರೆ ನಮ್ಮ ಕೊಡಚಾದ್ರಿಗಿಂತ ಏಳುನೂರು ಅಡಿಗೂ ಹೆಚ್ಚು ಗಿಡ್ಡ. ಆದರೆ ಕೊಡಚಾದ್ರಿಯ ಮೇಲೆ ಮಳೆ ಸುರಿದರೆ ಇದರ ಮೇಲೆ ಹಿಮ ಸುರಿಯುತ್ತದೆ, ಮತ್ತು ಆ ಹಿಮ ನಾಲ್ಕು ತಿಂಗಳು ಕದಲುವುದಿಲ್ಲ.

ಹೋಗುವವರು ನಾವು ನಾಲ್ವರು. ತೀರ್ಥಹಳ್ಳಿ ಕಡೆಯ ನಾನು, ಧಾರವಾಡದ ಗೆಳೆಯ, ಮೈಸೂರಿನ ಗೆಳತಿ, ಮತ್ತು ಈ ಕಣಿವೆಯಲ್ಲೇ ಹುಟ್ಟಿ ಬೆಳೆದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಒಬ್ಬ ಮೇಷ್ಟ್ರು. ಮೇಷ್ಟ್ರಿಗೆ ಎಪ್ಪತ್ತೊಂದು ವರ್ಷ. ಆರನೆಯ ವಯಸ್ಸಿನಲ್ಲಿ ಇದೇ ಗುಡ್ಡದಲ್ಲಿ ಜಾರಲು ಕಲಿತವರು. ಉಳಿದ ಮೂವರು ಕಲಿತದ್ದು ಮೂವತ್ತು ದಾಟಿದ ಮೇಲೆ, ನಮ್ಮ ಸೊಂಟದೆತ್ತರವೂ ಇಲ್ಲದ ಮಕ್ಕಳು ಅಕ್ಕಪಕ್ಕದಿಂದ ಸುಯ್ಯೆಂದು ಹಾದುಹೋಗುತ್ತಿದ್ದಾಗ. ನನಗಂತೂ ಅದು ಕಲಿಕೆಗಿಂತ ಹೆಚ್ಚಾಗಿ ಮರೆವಿನ ಅಭ್ಯಾಸವಾಗಿತ್ತು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ, ಕಾಲುಸಂಕ, ತೋಟದ ಇಳಿಜಾರು, ಇವುಗಳ ನಡುವೆ ಬೆಳೆದವನು ಬಾಲ್ಯದಲ್ಲಿ ಕಲಿಯುವ ಮೊದಲ ವಿದ್ಯೆಯೆಂದರೆ ಜಾರದಿರುವುದು. ಜಾರಿದ ಕೂಡಲೇ ಮೈ ತಾನಾಗಿಯೇ ಗುಡ್ಡದ ಕಡೆಗೆ, ಹಿಂದಕ್ಕೆ ವಾಲುತ್ತದೆ. ಸ್ಕೀ ಮಾತ್ರ ಇದಕ್ಕೆ ತದ್ವಿರುದ್ಧವಾದದ್ದನ್ನು ಬೇಡುತ್ತದೆ: ಹೆದರಿಕೆ ಎತ್ತ ಕಡೆಗಿದೆಯೋ ಅತ್ತಲೇ, ಇಳಿಜಾರಿನ ಕಡೆಗೇ ಎದೆಯೊಡ್ಡಿ ಕೆಳಗಿನ ಕಾಲಿನ ಮೇಲೆ ಭಾರ ಹಾಕಬೇಕು, ಹಿಂದಕ್ಕೆ ವಾಲಿದೆಯೋ ಹಲಗೆಗಳು ನಿನ್ನನ್ನು ಬಿಟ್ಟು ಮುಂದೆ ಹೋಗುತ್ತವೆ. ಈ ಮಾತನ್ನು ತಲೆ ಅರ್ಧ ಗಂಟೆಯಲ್ಲಿ ಒಪ್ಪಿತು, ಬೆನ್ನು ಒಪ್ಪಲು ಎರಡು ಚಳಿಗಾಲ ಬೇಕಾದವು. ಅಡಿಕೆ ಹಾಳೆಯ ಮೇಲೆ ಕೂತು ಗುಡ್ಡದಿಂದ ಜಾರುತ್ತಿದ್ದ ಅನುಭವ ನೆರವಿಗೆ ಬಂದೀತೆಂದು ನಂಬಿದ್ದೆ. ಅದು ಬರಲಿಲ್ಲ, ಹಾಳೆಯಲ್ಲಿ ನಿಲ್ಲಿಸುವ ವಿದ್ಯೆಯೇ ಇರಲಿಲ್ಲ, ಬೇಲಿಯೇ ನಿಲ್ಲಿಸುತ್ತಿತ್ತು.

ಕಳೆದ ಫೆಬ್ರವರಿಯ ಒಂದು ಶನಿವಾರದ ಮಾತು. ರಾತ್ರಿಯೆಲ್ಲ ಹಿಮ ಬಿದ್ದು ಬೆಳಿಗ್ಗೆ ಅಂಗಳದಲ್ಲಿ ಗೇಣುದ್ದ ನಿಂತಿತ್ತು. ಬರ್ಲಿಂಗ್ಟನ್ ಊರಿನಿಂದ ಗುಡ್ಡಕ್ಕೆ ಒಂದು ಗಂಟೆಯ ದಾರಿ. ಕಾರಿನಲ್ಲಿ ಮುಂದೆ ಕೂತವನ ಕರ್ತವ್ಯ ದಾರಿ ತೋರಿಸುವುದಲ್ಲ, ಕಾಲ ಬಳಿ ಹೀಟರಿನ ಬಾಯಿಗೆ ನಾಲ್ಕು ಜೊತೆ ಬೂಟುಗಳನ್ನು ಸರದಿಯ ಮೇಲೆ ಹಿಡಿಯುವುದು. ಸ್ಕೀ ಬೂಟು ಎಂಬ ವಸ್ತುವನ್ನು ಕಾಣದವರಿಗೆ ಅದನ್ನು ವಿವರಿಸುವುದು ಕಷ್ಟ. ಗಟ್ಟಿ ಪ್ಲಾಸ್ಟಿಕ್ಕಿನ ಹೊರಮೈ, ನಾಲ್ಕು ಲೋಹದ ಕೊಂಡಿಗಳು, ಮೀನಖಂಡದವರೆಗೆ ಎತ್ತರ. ಬೆಚ್ಚಗಿದ್ದರೆ ಅದು ಸ್ವಲ್ಪ ಬಾಗಿ ಕಾಲಿಗೆ ಜಾಗ ಕೊಡುತ್ತದೆ. ತಣ್ಣಗಿದ್ದರೆ ಗಾರೆಯ ಗುಂಡಿಗೆ ಕಾಲು ತುರುಕಿದಂತೆ. ಮೊದಲ ಕೊಂಡಿ ಹಾಕುವಾಗ ಉಸಿರು ಬಿಗಿಹಿಡಿದು, ಕೊನೆಯದನ್ನು ಹಾಕುವಾಗ ಮನೆದೇವರನ್ನು ನೆನೆದು ಎದ್ದು ನಿಂತರೆ ನಡಿಗೆ ಮೊದಲ ಬಾರಿ ಕಚ್ಚೆ ಉಟ್ಟ ಮದುಮಗನಂತಾಗುತ್ತದೆ. ಇಷ್ಟಾದ ಮೇಲೆ ಜೇಬುಗಳ ಸಿದ್ಧತೆ. ಮೈಸೂರಿನ ಗೆಳತಿ ಎಲ್ಲರಿಗೂ ಹತ್ತು ಹತ್ತು ಕೋಡುಬಳೆಗಳನ್ನು ಲೆಕ್ಕ ಹಾಕಿ ಕೊಡುತ್ತಾಳೆ. ಅದು ತಿಂಡಿಯಷ್ಟೇ ಅಲ್ಲ, ಅಳತೆಗೋಲೂ ಹೌದು. ಸಂಜೆ ಜೇಬಿನಲ್ಲಿ ಎಷ್ಟು ಕೋಡುಬಳೆ ಪುಡಿಯಾಗಿವೆ ಎನ್ನುವುದರ ಮೇಲೆ ಯಾರು ಎಷ್ಟು ಸಲ ಬಿದ್ದರು ಎಂಬುದು ತೀರ್ಮಾನವಾಗುತ್ತದೆ. ಬಿದ್ದುದನ್ನು ಬಾಯಿ ಮುಚ್ಚಿಡಬಹುದು, ಕೋಡುಬಳೆ ಮುಚ್ಚಿಡುವುದಿಲ್ಲ.

ಇನ್ನು ಕುರ್ಚಿ. ಸಾಲಿನಲ್ಲಿ ನಿಂತು ಸರದಿ ಬಂದಾಗ ಗುರುತು ಹಾಕಿದ ಜಾಗಕ್ಕೆ ಸರಿದು, ಹೆಗಲ ಮೇಲಿಂದ ಹಿಂದಿರುಗಿ ನೋಡುತ್ತಿದ್ದರೆ ಅದು ತೂಗುತ್ತ ಬಂದು ಮೊಣಕಾಲ ಹಿಂಭಾಗಕ್ಕೆ ಮೆಲ್ಲಗೆ ಹೊಡೆದು ಎತ್ತಿಕೊಂಡು ಹೋಗುತ್ತದೆ. ತುದಿ ತಲುಪಲು ಹತ್ತು ಹನ್ನೆರಡು ನಿಮಿಷ. ಮುಂದಿನ ಕುರ್ಚಿಯಲ್ಲಿರುವ ಗೆಳೆಯನ ಬೆನ್ನು ಕಾಣುತ್ತದೆ. ಹಿಂದಿನವರು ಇದ್ದಾರೆಂಬ ಭರವಸೆ ಮಾತ್ರ ಇರುತ್ತದೆ. ಗಾಳಿಯಿಲ್ಲದ ದಿನ ಕೂಗಿದರೆ ಒಂದೆರಡು ಮಾತು ದಾಟೀತು, ಗಾಳಿಯಿದ್ದರೆ ಅದೂ ಇಲ್ಲ. ಹನ್ನೊಂದು ವರ್ಷಗಳಲ್ಲಿ ನಾನು ಈ ಗೆಳೆಯರ ಮುಖಗಳಿಗಿಂತ ಹೆಚ್ಚು ಹೊತ್ತು ಅವರ ಬೆನ್ನುಗಳನ್ನೇ ನೋಡಿದ್ದೇನೆ. ಧಾರವಾಡದವನ ಬಲಹೆಗಲು ಚೂರು ಇಳಿದಿದ್ದರೆ ಆ ವಾರ ಕಚೇರಿಯಲ್ಲಿ ಏನೋ ಆಗಿದೆ ಎಂದು ತಿಳಿಯಬೇಕು. ಗೆಳತಿಯ ತಲೆ ಎಡಕ್ಕೂ ಬಲಕ್ಕೂ ತಿರುಗುತ್ತಿದ್ದರೆ ಹಕ್ಕಿ ಹುಡುಕುತ್ತಿದ್ದಾಳೆ, ಮನಸ್ಸು ಸರಿಯಾಗಿದೆ. ಮೇಷ್ಟ್ರ ಬೆನ್ನು ಯಾವಾಗಲೂ ಒಂದೇ ತೆರನಾಗಿ, ಹಾಜರಿ ಕರೆಯುವವರಂತೆ ನೆಟ್ಟಗಿರುತ್ತದೆ.

ಈ ಲಿಫ್ಟಿನ ಕಾಟವೆಂದರೆ ಅದು ಮಾತನ್ನು ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಕಾಟ ಹೆಚ್ಚು ತಟ್ಟುವುದು ಕನ್ನಡಿಗರಿಗೆ ಎಂಬುದು ನನ್ನ ಸಂಶೋಧನೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಏನಾದರೂ ಹೇಳಲು ತೊಡಗಿದರೆ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬಂದುಬಿಡುತ್ತದೆ. ಕುರ್ಚಿ ಅವರನ್ನು ಎತ್ತಿಕೊಂಡು ಹೋಗುವಷ್ಟರಲ್ಲಿ ಯಾರು ಏನು ಮಾಡಿದರು ಎನ್ನುವುದು ಗೊತ್ತಾಗಿರುತ್ತದೆ, ಎಲ್ಲಿ, ಯಾವಾಗ, ಯಾಕೆ ಎಂಬುದಷ್ಟೇ ಬಾಕಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಮನೆಯ ಹಿರಿಯರಂತೆ ಎಲ್ಲರೂ ಬಂದಾದ ಮೇಲೆ ಕೊನೆಗೆ ಬರುತ್ತದೆ. "ನಿನ್ನೆ ಸಂಜಿಕಿ ನಮ್ಮ ಮನಿಯಾಕಿ ಆ ಎದುರುಮನಿಯವರ ನಾಯಿನ್ನ…" ಎನ್ನುವಷ್ಟರಲ್ಲಿ ಧಾರವಾಡದವನು ಗಾಳಿಯಲ್ಲಿದ್ದ. ಹೊಡೆದಳೋ, ಮುದ್ದಾಡಿದಳೋ, ಮನೆಗೇ ಕರೆತಂದಳೋ? ಹನ್ನೆರಡು ನಿಮಿಷ ಬರ್ಚ್ ಮರಗಳನ್ನೂ ಹಿಮ ಹೊತ್ತ ಸ್ಪ್ರೂಸ್ ಮರಗಳನ್ನೂ ನೋಡುತ್ತ ಆ ನಾಯಿಯ ಗತಿಯನ್ನು ಬಗೆಬಗೆಯಾಗಿ ಊಹಿಸುತ್ತ ಹೋದೆ. ತುದಿಯಲ್ಲಿ ಇಳಿದು ಅವನ ಪಕ್ಕಕ್ಕೆ ಸರಿದಾಗ, ನಡುವೆ ಏನೂ ನಡೆದೇ ಇಲ್ಲವೆಂಬಂತೆ, "ಸ್ನಾನಾ ಮಾಡಿಸಿದ್ಳು" ಎಂದ.

ಇಂಥ ಲಿಫ್ಟನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂದು ಕೇಳಬಹುದು. ಇಟ್ಟುಕೊಂಡವರಲ್ಲಿ ನಾನೂ ಒಬ್ಬ. ಈ ಗುಡ್ಡ ಯಾವ ಕಂಪನಿಯದ್ದೂ ಅಲ್ಲ, ಸ್ಕೀ ಮಾಡುವವರದೇ ಒಂದು ಸಹಕಾರ ಸಂಘದ್ದು. ರೋಲಂಡ್ ಪಾಮೆಡೊ ಎಂಬಾತ, ಸ್ಟೋ ಊರಿನ ಸ್ಕೀ ಗುಡ್ಡದಲ್ಲಿ ವ್ಯಾಪಾರದ ಗದ್ದಲ ಹೆಚ್ಚಿತೆಂದು ಬೇಸತ್ತು ಇದನ್ನು ಕಟ್ಟಿದ. ಮುಂದೆ ಒಡತಿಯಾದ ಬೆಟ್ಸಿ ಪ್ರಾಟ್ ದೊಡ್ಡ ಕಂಪನಿಗೆ ಕೊಡದೆ 1995ರಲ್ಲಿ ಇಲ್ಲಿ ಜಾರುವವರಿಗೇ ಮಾರಿದರು. ಹಳೆಯ ಲಿಫ್ಟು ಸವೆದಾಗ ಇಬ್ಬರು ಕೂರುವ ಹೊಸದನ್ನು ಹಾಕೋಣವೇ ಎಂಬ ಚರ್ಚೆ ಸದಸ್ಯರಲ್ಲಿ ಕಾವೇರಿತಂತೆ. ಕೊನೆಗೆ ಹಳೆಯದನ್ನೇ ಕಳಚಿ ದುರಸ್ತಿ ಮಾಡಿ 2007ರಲ್ಲಿ ಮತ್ತೆ ಓಡಿಸಿದರು. ಹಟಮಾರಿತನವಷ್ಟೇ ಅದಕ್ಕೆ ಕಾರಣವಲ್ಲ. ಇಲ್ಲಿ ಯಂತ್ರದಿಂದ ಹಿಮ ಮಾಡುವುದು ತೀರ ಕಡಿಮೆ, ಆಕಾಶ ಕೊಟ್ಟದ್ದರಲ್ಲೇ ಸಂಸಾರ ಸಾಗಬೇಕು. ಒಬ್ಬೊಬ್ಬರನ್ನೇ ಮೇಲೆ ಕಳಿಸಿದರೆ ಇಳಿಜಾರಿನಲ್ಲಿ ಜನ ಕಡಿಮೆ, ಹಿಮ ಬೇಗ ಸವೆಯುವುದಿಲ್ಲ. ಕೆಳಗೆ ಸಾಲಿನಲ್ಲಿ ಕಾದವನಿಗೆ ಮೇಲೆ ಏಕಾಂತ ಸಿಗುತ್ತದೆ.

ಷೇರು ಕೊಂಡ ವರ್ಷ ಊರಿಗೆ ಫೋನ್ ಮಾಡಿ ಅಪ್ಪಯ್ಯನಿಗೆ ಈ ಸುದ್ದಿ ಹೇಳಿದೆ. ಅಡಿಕೆ ಮಾರಾಟದ ಸಹಕಾರ ಸಂಘವಾದ ಮಾಮ್ಕೋಸ್‌ನ ಹಳೆಯ ಸದಸ್ಯರಾದ ಅವರಿಗೆ ಸಂಘ, ಷೇರು, ಸರ್ವಸದಸ್ಯರ ಸಭೆ ಎಲ್ಲ ಮನೆಮಾತು.

"ಗುಡ್ಡಕ್ಕೂ ಒಂದು ಸೊಸೈಟಿಯೇನೋ? ಡಿವಿಡೆಂಡ್ ಎಷ್ಟು ಕೊಡ್ತಾರೆ?" ಎಂದರು.

"ಡಿವಿಡೆಂಡ್ ಇಲ್ಲ ಅಪ್ಪಯ್ಯ. ವರ್ಷಾ ವರ್ಷಾ ನಾವೇ ಅಲ್ಲಿ ಒಂದಿಷ್ಟು ದುಡ್ಡು ಖರ್ಚು ಮಾಡಬೇಕು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದು ಸೊಸೈಟಿ ಅಲ್ಲ ಮಾರಾಯ, ದೇವಸ್ಥಾನ" ಎಂದರು.

ಮುಂದಿನ ಸಲ ಹೋದಾಗ ಅವರಿಗೆಂದು ಈ ಗುಡ್ಡದ ಪ್ರಸಿದ್ಧ ಸ್ಟಿಕ್ಕರೊಂದನ್ನು ಒಯ್ದಿದ್ದೆ. 'ಕೈಲಾದರೆ ಸ್ಕೀ ಮಾಡು' ಎಂಬರ್ಥದ ಇಂಗ್ಲಿಷ್ ಸವಾಲು ಅದರ ಮೇಲಿದೆ. ಈಗ ಅದು ಅವರ ಜೀಪಿನ ಹಿಂಭಾಗದಲ್ಲಿ, 'ಶ್ರೀ ರಾಮೇಶ್ವರ ಪ್ರಸನ್ನ' ಎಂಬುದರ ಕೆಳಗೆ, ಅಡಿಕೆ ಮೂಟೆಗಳ ಉಜ್ಜಾಟದಿಂದ ಒಂದು ಮೂಲೆ ಕಿತ್ತು ಅಂಟಿಕೊಂಡಿದೆ.

ಅಂದು ಬಿದ್ದಿದ್ದ ಹಿಮ ಅಪರೂಪದ್ದು. ನಮ್ಮ ಕಡೆ ಮಳೆ ಎಂದು ಸುಮ್ಮನೆ ಹೇಳುವುದಿಲ್ಲ. ಆರಿದ್ರೆ ಬೇರೆ, ಪುನರ್ವಸು ಬೇರೆ, ಆಶ್ಲೇಷ ಬೇರೆ, ಒಂದೊಂದಕ್ಕೂ ಅದರದೇ ಸದ್ದು, ಅದರದೇ ಸ್ವಭಾವ. ಇಲ್ಲಿಯವರಿಗೂ ಹಿಮ ಹಾಗೆಯೇ. ಹತ್ತಿಯಂತೆ ಹಗುರಾದದ್ದು ಪೌಡರ್. ವಸಂತದಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಜೋಳದ ಕಾಳಿನಂತಾದದ್ದು ಕಾರ್ನ್. ಹಿಮದ ವರದಿಯಲ್ಲಿ ಬರುವ 'ಫ್ರೋಜನ್ ಗ್ರ್ಯಾನ್ಯುಲರ್' ಎಂಬ ಗಂಭೀರ ಪದವನ್ನು ಮಾತ್ರ ನಂಬಬಾರದು. ಅದರ ಅರ್ಥ, ಇವತ್ತು ಬೆಲ್ಲದ ಅಚ್ಚಿನ ಮೇಲೆ ಜಾರಬೇಕು ಎಂದು. ಅಂದು ನಮಗೆ ಸಿಕ್ಕದ್ದು ಶುದ್ಧ ಪೌಡರ್. ಮೇಷ್ಟ್ರು ತುದಿಯಲ್ಲಿ ಕೈಗವಸಿನಿಂದ ಒಂದು ಹಿಡಿ ಎತ್ತಿ ಊದಿದರು; ಅದು ಹಿಟ್ಟಿನಂತೆ ಹಾರಿಹೋಯಿತು. ಅವರು ಮಾತಾಡದೆ ಕೋಲು ಚುಚ್ಚಿ ಹೊರಟೇಬಿಟ್ಟರು. ಪೌಡರ್ ಬಿದ್ದ ದಿನ ಗೆಳೆತನದ ನಿಯಮಗಳು ಸ್ವಲ್ಪ ಸಡಿಲಾಗುತ್ತವೆ, ಯಾರೂ ಯಾರಿಗೂ ಕಾಯುವುದಿಲ್ಲ.

ಅಂಥ ಹಿಮದಲ್ಲಿ ತಿರುಗುವಾಗ ಸದ್ದೇ ಇರುವುದಿಲ್ಲ. ಮೊಣಕಾಲಿನವರೆಗೆ ಬಿಳಿ, ಹಲಗೆಗಳ ತುದಿ ಕಾಣುವುದಿಲ್ಲ. ಎಡಕ್ಕೆ ಒತ್ತಿದರೆ ಮೈ ಒಂದಿಷ್ಟು ಮುಳುಗಿ, ಬಿಟ್ಟರೆ ತೇಲಿ, ಬಲಕ್ಕೆ ಒತ್ತಿದರೆ ಮತ್ತೆ ಮುಳುಗುತ್ತದೆ. ಸರಿಯಾಗಿ ಏಳು ತಿರುವುಗಳನ್ನು ನಾನು ಹೀಗೆ ಹಾಕಿದೆ. ಎಂಟನೆಯದನ್ನು ಹಾಕಿದ್ದು ಚೂಟ್ ಎಂಬ ದಾರಿಯಲ್ಲಿ, ಅದು ಲಿಫ್ಟಿನ ನೇರ ಕೆಳಗಿದೆ. ಅಲ್ಲಿ ಬೀಳುವುದೆಂದರೆ ಜಾತ್ರೆಯಲ್ಲಿ ಬಿದ್ದಂತೆ. ಒಂದೊಂದಾಗಿ ತಲೆಯ ಮೇಲೆ ಹಾದುಹೋಗುವ ಕುರ್ಚಿಗಳಿಂದ ಒಂದೊಂದು ಅಭಿಪ್ರಾಯ ಇಳಿಯುತ್ತದೆ. ನಾನು ಬಿದ್ದೆ, ಒಂದು ಹಲಗೆ ಕಳಚಿ ಹಿಮದೊಳಗೆ ಹೂತುಹೋಯಿತು. ಮೊದಲ ಕುರ್ಚಿಯ ಅಪರಿಚಿತ ಹತ್ತಕ್ಕೆ ಆರು ಅಂಕ ಕೊಟ್ಟ. ಎರಡನೆಯವರು ಹಲಗೆ ಎಲ್ಲಿದೆಯೆಂದು ಕೈ ಮಾಡಿ ತೋರಿಸಿದರು. ಮೂರನೆಯ ಕುರ್ಚಿಯಲ್ಲಿ ಧಾರವಾಡದವನಿದ್ದ. "ಯಾಕಲೇ, ಕೋಡಬಳಿ ಎಷ್ಟ ಉಳದಾವು?" ಎಂದು ಇಡೀ ಕಣಿವೆಗೆ ಕೇಳುವಂತೆ ಕೂಗಿದ. ನಾಲ್ಕು ಉಳಿದಿದ್ದವು.

ಮಧ್ಯಾಹ್ನ ಬೇಸ್‌ಬಾಕ್ಸ್ ಎಂದು ಕರೆಯುವ ಕೆಳಗಿನ ಕಟ್ಟಡದಲ್ಲಿ ಒದ್ದೆ ಉಣ್ಣೆಯ ವಾಸನೆಯ ನಡುವೆ ಬುತ್ತಿ ಬಿಚ್ಚಿದೆವು. ಚಿತ್ರಾನ್ನ ತಣ್ಣಗಾಗಿ ಒಂದೊಂದು ಅಗುಳೂ ಬಿಡಿಯಾಗಿತ್ತು. ಫ್ಲಾಸ್ಕಿನಲ್ಲಿದ್ದ ಜೀರಿಗೆ ಕೊತ್ತಂಬರಿ ಕಷಾಯಕ್ಕೆ ಮೇಷ್ಟ್ರು ಮೂರು ಸಲ ಲೋಟ ಒಡ್ಡಿದರು. ಅಲ್ಲಿ ಎದುರುಬದುರಾಗಿ ಕುಳಿತರೂ ಮಾತು ಅಷ್ಟಾಗಿ ಬೆಳೆಯುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ. ನಮ್ಮ ಹರಟೆಗೆ ಲಿಫ್ಟಿನ ಅಡಿಯೂ ತುದಿಯೂ ಅಭ್ಯಾಸವಾಗಿಬಿಟ್ಟಿವೆ. ನಡುವೆ ಹನ್ನೆರಡು ನಿಮಿಷದ ಮೌನ ಇಲ್ಲದಿದ್ದರೆ ಮುಂದೇನು ಹೇಳಬೇಕೆಂದೇ ಹೊಳೆಯುವುದಿಲ್ಲ.

ಮೂರೂವರೆಯ ಹೊತ್ತಿಗೆ ಕೊನೆಯ ಸರದಿ. ಬಿಸಿಲು ಆಗಲೇ ಗುಡ್ಡದ ಹಿಂದೆ ಸರಿದಿತ್ತು, ಸಾಲಿನಲ್ಲಿ ಹೆಚ್ಚು ಜನರಿರಲಿಲ್ಲ. ನನ್ನ ಮುಂದೆ ಧಾರವಾಡದವನು. ಅವನು ಕೋಲುಗಳನ್ನು ಒಂದೇ ಕೈಗೆ ತೆಗೆದುಕೊಂಡು, ಹೆಗಲ ಮೇಲಿಂದ ಕುರ್ಚಿ ನೋಡುತ್ತ, ಬೇರೇನೋ ಹೇಳುವವನಂತೆ, "ನಮ್ಮ ಅಣ್ಣ ಫೋನ್ ಮಾಡಿದ್ದ. ಊರಾಗಿನ ಆ ಹೊಲಾ…" ಎಂದ. ಕುರ್ಚಿ ಎತ್ತಿಕೊಂಡು ಹೋಯಿತು.

ಅರ್ಧ ದಾರಿಯಲ್ಲಿ ಲಿಫ್ಟು ನಿಂತಿತು. ಕೆಳಗೆ ಯಾರೋ ಹತ್ತುವಾಗ ಎಡವಿರಬೇಕು. ಕುರ್ಚಿ ಹಿಂದಕ್ಕೂ ಮುಂದಕ್ಕೂ ತೂಗಿ ತೂಗಿ ಸ್ತಬ್ಧವಾದ ಮೇಲೆ ಮತ್ತೆ ಉದುರತೊಡಗಿದ್ದ ಹಿಮ ನನ್ನ ತೋಳಿನ ಬಟ್ಟೆಯ ಮೇಲೆ ಬೀಳುವ ಸದ್ದು ಕೂಡ ಕೇಳಿಸಿತು, ಜೋಪಾನವಾಗಿ ಜರಡಿ ಹಿಡಿದಂಥ ಸದ್ದು. ಮುಂದಿದ್ದವನ ಬೆನ್ನು ಅಲ್ಲಾಡಲಿಲ್ಲ. ಬಲಹೆಗಲು ಇಳಿದಿದೆಯೇ ಎಂದು ನೋಡಿದೆ. ದಪ್ಪ ಜಾಕೆಟ್ಟಿನ ಮೇಲೆ ಹಿಮ ಕೂತು ಎರಡೂ ಹೆಗಲು ಒಂದೇ ಎತ್ತರವಾಗಿದ್ದವು. ಕೂಗಿ ಕೇಳಬಹುದಿತ್ತು. ಹೊಲದ ವಿಷಯವನ್ನು ಅಷ್ಟು ಜೋರಾಗಿ ಕೇಳಲು ನಾಲಿಗೆ ಬರಲಿಲ್ಲ.

ತುದಿಯಲ್ಲಿ ಗಾಳಿ ಎದ್ದಿತ್ತು. ಮೇಷ್ಟ್ರು ಕತ್ತಲಾಗುವ ಮೊದಲು ಇಳಿಯಬೇಕೆಂದು ಕೋಲು ಬೀಸಿದರು, ಎಲ್ಲರೂ ಹೊರಟೆವು. ಮೇಷ್ಟ್ರ ಮನೆ ಕಣಿವೆಯಲ್ಲೇ ಇದ್ದುದರಿಂದ ಅವರು ಅಲ್ಲೇ ಇಳಿದುಕೊಂಡರು. ಉಳಿದ ಮೂವರು ಒಂದು ಗಂಟೆ ಒಂದೇ ಕಾರಿನಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕುಳಿತಿದ್ದೆವು. ಹೀಟರಿನ ಬಿಸಿಗೆ ಧಾರವಾಡದವನು ಹತ್ತೇ ನಿಮಿಷದಲ್ಲಿ ನಿದ್ದೆಹೋದ. ಗೆಳತಿ ಜೇಬಿನ ಕೋಡುಬಳೆ ಪುಡಿಯನ್ನು ಅಂಗೈಗೆ ಸುರುವಿಕೊಂಡು ಒಬ್ಬಳೇ ಮುಗಿಸಿದಳು. ಅವನ ಮನೆಯ ಮುಂದೆ ನಿಲ್ಲಿಸಿದಾಗ ಬೆಚ್ಚಿ ಎದ್ದವನು, "ಬರ್ತೀನಪಾ, ಮುಂದಿನ ಶನಿವಾರ" ಎಂದು ಹಲಗೆಗಳನ್ನು ಹೆಗಲಿಗೆ ಏರಿಸಿಕೊಂಡು ಹಿಮ ತುಳಿಯುತ್ತ ಹೊರಟ. ಗೇಟಿನ ದೀಪದ ಬೆಳಕಿನಲ್ಲಿ ಆ ಬೆನ್ನು ಬಾಗಿಲು ತಲುಪುವವರೆಗೂ ನಾನು ಕಾರು ಹೊರಡಿಸಲಿಲ್ಲ.