ಗೋವಾದ ಗದ್ದೆಗೆ ಕಾವಲಿದೆ, ನಮ್ಮ ಕೆರೆಗೆ ಯಾರಿದ್ದಾರೆ?

ರಜೆಗೆ ಬೆಂಗಳೂರಿಗೆ ಬಂದಿದ್ದೆ. ಅಕ್ಕನ ಮಗ ಶಾಲೆಗೆ ಚಾರ್ಟ್ ಬರೆಯುತ್ತಾ ಕೂತಿದ್ದ. ಸಮುದ್ರ ತೀರದ ಒಂದು ರಾಜ್ಯದ ಸ್ವಾರಸ್ಯದ ಸಂಗತಿಗಳು ಬೇಕಂತೆ. ಗೋವಾ ಆರಿಸಿಕೊಂಡಿದ್ದ. ಬೀಚು, ಚರ್ಚು, ಗೋಡಂಬಿ, ಕಾರ್ನಿವಲ್, ಅಷ್ಟಕ್ಕೇ ನಿಂತಿತ್ತು. "ಮಾಮ, ನೀನು ಅಲ್ಲೇ ಇರ್ತೀಯಲ್ಲ, ಇನ್ನೇನಾದ್ರೂ ಹೇಳು" ಅಂದ. ನಾನು ಬಾಯಿ ತೆಗೆಯುವ ಮೊದಲೇ ಭಾವ, "ಅಲ್ಲಿ ಇನ್ನೇನಿದೆ, ಕುಡಿಯೋದು, ಮಲಗೋದು" ಅಂದುಬಿಟ್ಟರು.

ಭಾವನ ಮೇಲೆ ನನಗೆ ಗೌರವ ಇದೆ. ಆದರೂ ಆ ಮಾತು ಚುಚ್ಚಿತು. ಅನ್ನ ಕೊಡುತ್ತಿರುವ ಊರು ಅದು, ಅಲ್ವಾ?

ಹುಡುಗನಿಗೆ ಒಂದೆರಡು ಹೇಳಿದೆ. ಭಾರತಕ್ಕೆ ಮೊದಲ ಅಚ್ಚಿನ ಯಂತ್ರ ಬಂದದ್ದು 1556ರಲ್ಲಿ, ಹಳೇ ಗೋವಾಕ್ಕೆ. ಅಲ್ಲಿನ ಸರ್ಕಾರಿ ಬಸ್ಸಿನ ಮೇಲೆ ಇರೋದು ಕದಂಬರ ಹೆಸರು. ಅವನು ಖುಷಿಯಿಂದ ಬರೆದುಕೊಂಡ. ಆದರೆ ನನಗೆ ನಿಜವಾಗಿ ಹೇಳಬೇಕೆನಿಸಿದ್ದು ಚಾರ್ಟಿನಲ್ಲಿ ಹಿಡಿಸುವಂಥದ್ದಲ್ಲ. ಅದು ಖಾಜನ್ ಗದ್ದೆಗಳ, ಅಂದರೆ ಉಪ್ಪುನೀರಿಗೆ ಬದು ಕಟ್ಟಿ ಉಳಿಸಿಕೊಂಡ ಗದ್ದೆಗಳ ವಿಷಯ.

ನಾನಿರೋದು ಮಾಂಡೋವಿ ನದಿ ನಡುವಿನ ದಿವಾಡಿ ದ್ವೀಪದಲ್ಲಿ. ಸೇತುವೆ ಇಲ್ಲ, ಫೆರಿಯಲ್ಲೇ ದಾಟಬೇಕು. ಇಳಿದ ಕೂಡಲೇ ಎರಡೂ ಕಡೆ ಗದ್ದೆ. ಸಮುದ್ರ ಉಕ್ಕಿದಾಗ ನದಿಯೊಳಗೆ ಉಪ್ಪುನೀರು ನುಗ್ಗುತ್ತದೆ. ಆ ಹೊತ್ತಿನಲ್ಲಿ ನೀರಿನ ಮಟ್ಟ ಗದ್ದೆಗಿಂತ ಮೇಲಿರುತ್ತದೆ. ತಡೆಯೋಕೆ ಇರೋದು ಮಣ್ಣು, ಹುಲ್ಲು, ಕೆಂಪುಕಲ್ಲಿನ ಬದು, ಮತ್ತು ಅದರಲ್ಲಿ ಕೂರಿಸಿದ ಮರದ ಬಾಗಿಲು. ಅದಕ್ಕೆ ಅಲ್ಲಿ ಮಾನಸ್ ಅಂತಾರೆ. ಉಬ್ಬರದ ನೀರು ತಳ್ಳಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಒಳಗಿನ ನೀರು ತಳ್ಳಿದರೆ ತೆರೆದುಕೊಳ್ಳುತ್ತದೆ. ಕರೆಂಟು ಬೇಡ, ಮೋಟಾರು ಬೇಡ. ಮಳೆ ಉಪ್ಪನ್ನು ತೊಳೆದ ಮೇಲೆ ಕೊರ್ಗುಟ್ ಭತ್ತ ಬಿತ್ತುತ್ತಾರೆ. ಸ್ವಲ್ಪ ಉಪ್ಪಿದ್ದರೂ ತಡೆದುಕೊಳ್ಳುವ ತಳಿ ಅದು. ಬಾಗಿಲ ಬಾಯಿಗೆ ಬಲೆ ಕಟ್ಟಿದರೆ ಸಿಗಡಿ ಬೇರೆ. ಗೋವಾದಲ್ಲಿ ಇಂಥ ಭೂಮಿ ಸುಮಾರು 18,000 ಹೆಕ್ಟೇರ್. ಪೋರ್ಚುಗೀಸರು ಬರುವ ಮುಂಚೆಯೇ ಊರವರು ಸೇರಿ ಇದನ್ನು ನೋಡಿಕೊಳ್ಳುತ್ತಿದ್ದರು. ಆ ಹಳ್ಳಿಗಳ ಕಟ್ಟುಪಾಡನ್ನು ಪೋರ್ಚುಗೀಸರು 1526ರಲ್ಲಿ ಬರೆದಿಟ್ಟುಕೊಂಡರು.

ಒಂದು ಅಮಾವಾಸ್ಯೆ, ಜೋರು ಮಳೆ. ಪಕ್ಕದ ಮನೆಯ ಹಿರಿಯರು ರಾತ್ರಿ ಟಾರ್ಚ್ ಹಿಡಿದು ಹೊರಟರು. ನಾನೂ ಹೋದೆ. ಬದುವಿನಲ್ಲಿ ಏಡಿ ಕೊರೆದ ತೂತುಗಳನ್ನು ಹುಡುಕಿ ಹುಡುಕಿ ಮಣ್ಣು ಮೆತ್ತಿದರು. ಅಲ್ಲಿ ಅವರದೇ ಗದ್ದೆ ಇರಲಿಲ್ಲ, ಬೇರೆಯವರದು. ಕೇಳಿದೆ. "ಒಂದು ಕಡೆ ಒಡೆದರೆ ಎಲ್ಲರಿಗೂ ಉಪ್ಪು" ಅಂದರು. ಬೆಳಿಗ್ಗೆ ಇನ್ನೂ ಕೆಲವರು ಬುಟ್ಟಿ ತಂದು ಮಣ್ಣು ಹಾಕಿದರು.

ಅಕ್ಕನ ಮನೆ ವರ್ತೂರಿನ ಕಡೆ. ಜೋರು ಮಳೆ ಬಂದರೆ ರಾಜಕಾಲುವೆ ರಸ್ತೆಗೆ ಬರುತ್ತದೆ. ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ, ಅವರು "ಅದು ನಮ್ಮ ಏರಿಯಾ ಅಲ್ಲ" ಅನ್ನುತ್ತಾರೆ. ನಮ್ಮವರು ಮೋಟಾರು ಮೇಲೆತ್ತಿ ಇಟ್ಟು, ಕಾರು ಎತ್ತರದ ರಸ್ತೆಗೆ ಬಿಟ್ಟು ಬಂದು ಮಲಗುತ್ತಾರೆ. ನನಗೆ ಸಿಟ್ಟು ಬರೋದು ಇಲ್ಲೇ. 2022ರ ಸೆಪ್ಟೆಂಬರಿನಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಬೇಸಿಗೆಯಲ್ಲಿ ಅದೇ ಊರು ಟ್ಯಾಂಕರಿಗೆ ಕಾಯಿತು.

ನಮಗೆ ನೀರು ಕಾಯೋದು ಗೊತ್ತಿರಲಿಲ್ಲ ಅಂತಲ್ಲ. ಏರಿ, ತೂಬು, ಕೋಡಿ ಎಲ್ಲ ಇತ್ತು. ಒಂದು ಕೆರೆ ತುಂಬಿದರೆ ಕೆಳಗಿನ ಕೆರೆಗೆ ಹರಿಯುತ್ತಿತ್ತು. ತೂಬು ತೆಗೆಯಲು, ಯಾರ ಗದ್ದೆಗೆ ಎಷ್ಟು ಅಂತ ಹಂಚಲು ನೀರುಗಂಟಿ ಇದ್ದ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಪೈಪಿನಲ್ಲಿ ಬಂತು. ಆಮೇಲೆ ತಿಪ್ಪಗೊಂಡನಹಳ್ಳಿ, ಆಮೇಲೆ ಕಾವೇರಿ. ನೀರು ದೂರದಿಂದ ಬರೋಕೆ ಶುರುವಾದ ಮೇಲೆ ಪಕ್ಕದ ಕೆರೆಯ ಹಂಗು ಯಾರಿಗೂ ಉಳಿಯಲಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಗೋವಾದಲ್ಲಿ ಬಾಗಿಲು ಕಾಯದಿದ್ದರೆ ಉಪ್ಪು ಅವರದೇ ಅನ್ನಕ್ಕೆ ಬರುತ್ತದೆ. ನಮ್ಮಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗಲೂ ಬಹಳ ಜನರ ನಲ್ಲಿಯಲ್ಲಿ ಕಾವೇರಿ ಬರುತ್ತಲೇ ಇತ್ತು.

ಇಷ್ಟು ಹೇಳಿದ ಮೇಲೆ ಗೋವಾದವರ ಹುಳುಕೂ ಹೇಳಬೇಕು. ಖಾಜನ್ ಈಗ ಎಲ್ಲ ಕಡೆ ಚೆನ್ನಾಗಿಲ್ಲ. 1961ರಲ್ಲಿ ಗೋವಾ ಭಾರತಕ್ಕೆ ಸೇರಿದ ನಂತರ ಗೇಣಿ ಕಾನೂನುಗಳು ಬಂದವು. ಉಳುವವನಿಗೆ ನ್ಯಾಯ ಸಿಕ್ಕಿತು, ಅದು ಆಗಬೇಕಾದ್ದೇ. ಆದರೆ ಹಳೇ ಊರ ಕೂಟದ ಕೈ ತಗ್ಗಿತು, ಬದು ಕಟ್ಟಿಸೋದು ಯಾರು ಅನ್ನೋ ಜಗಳ ಹುಟ್ಟಿತು. ಭತ್ತಕ್ಕಿಂತ ಸಿಗಡಿಯಲ್ಲಿ ದುಡ್ಡು ಜಾಸ್ತಿ ಅಂತ ಕೆಲವು ಕಡೆ ಉಪ್ಪುನೀರನ್ನು ಬೇಕಂತಲೇ ಬಿಡುತ್ತಾರೆ. ಅಂಥ ಗದ್ದೆಗಳಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡ ಬೆಳೆದು ನಿಂತಿದೆ. ನಮ್ಮ ಪಕ್ಕದ ಮನೆಯವರ ಮಕ್ಕಳೂ ಗದ್ದೆಗೆ ಇಳಿಯೋದಿಲ್ಲ. 2011ರ ಜನಗಣತಿಯಲ್ಲಿ ಇಡೀ ಗೋವಾದ ಜನ 14.58 ಲಕ್ಷ, ಬೆಂಗಳೂರು ನಗರವೊಂದೇ 84 ಲಕ್ಷ ದಾಟಿತ್ತು. ಹಳ್ಳಿಯ ಅಳತೆಯಲ್ಲಿ ಈ ಊರನ್ನು ತೂಗೋದು ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ.

ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ಜನ ಹಟ ಹಿಡಿದು ಉಳಿಸಿಕೊಂಡದ್ದೂ ಇದೇ ಬೆಂಗಳೂರಿನಲ್ಲಿ. ಜಕ್ಕೂರಿನಲ್ಲಿ ಶುದ್ಧ ಮಾಡಿದ ಚರಂಡಿ ನೀರು ಜೊಂಡಿನ ನಡುವೆ ಹರಿದು ಕೆರೆ ಸೇರುತ್ತದೆ. ಆಗೋದಿಲ್ಲ ಅನ್ನೋ ಮಾತು ಅಲ್ಲಿಗೆ ಮುಗಿಯಿತು. ಕೆರೆಗೊಬ್ಬ ನೀರುಗಂಟಿಯನ್ನು ಸಂಬಳ ಕೊಟ್ಟು ನೇಮಿಸಲಿ. ಮಳೆಗಾಲಕ್ಕೆ ಮುಂಚೆ ರಾಜಕಾಲುವೆಯನ್ನು ಉದ್ದಕ್ಕೂ ನಡೆದು ನೋಡುವ ಕೆಲಸ ಅವನದಾಗಲಿ, ಕಟ್ಟಿಕೊಂಡ ಕಡೆ ಹೂಳು ತೆಗೆಸುವ ಅಧಿಕಾರವೂ ಇರಲಿ. ಅವನ ಹೆಸರು, ಫೋನ್ ನಂಬರನ್ನು ಏರಿಯ ಮೇಲೆ ಬೋರ್ಡಿನಲ್ಲಿ ಹಾಕಲಿ. ವರ್ತೂರಿನಿಂದಲೇ ಶುರು ಮಾಡಬಹುದು.