54 ವರ್ಷ, ಒಂದೇ ಅಡುಗೆಮನೆ

“ಬರೀ ಸೀರಿಯಲ್ ನಟಿ ಅಷ್ಟೇ” ಅನ್ನೋ ಮಾತು ಮೊನ್ನೆ ಮತ್ತೆ ಕಿವಿಗೆ ಬಿತ್ತು. ಹೇಳಿದ್ದು ನಮ್ಮ ಚಿಕ್ಕಪ್ಪ. ಸಂಜೆ ಟೀವಿ ಮುಂದೆ ಕೂತರೆ ಮೂರು ಸೀರಿಯಲ್ ಮುಗಿಯದೆ ಊಟಕ್ಕೆ ಏಳದ ಮನುಷ್ಯ! ಆ ‘ಬರೀ’ ಯಾಕೋ ಚುಚ್ಚಿತು. ಅದಕ್ಕೇ ಅಮೆರಿಕದ ಸೀರಿಯಲ್ ನಟಿ ಹೆಲೆನ್ ವ್ಯಾಗ್ನರ್ ಬಗ್ಗೆ ಬರೀತಿದ್ದೇನೆ.

1956ರ ಏಪ್ರಿಲ್ 2. ಅಮೆರಿಕದ ಟೀವಿ ಚಾನೆಲ್ ಸಿಬಿಎಸ್‌ನಲ್ಲಿ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ಶುರುವಾಯಿತು. ಸೋಪು ಮಾರುವ ಕಂಪನಿಯ ದುಡ್ಡಲ್ಲಿ ತಯಾರಾದ ಧಾರಾವಾಹಿ. ಇಂಥವಕ್ಕೆ ‘ಸೋಪ್’ ಅನ್ನೋ ಹೆಸರು ಬಂದದ್ದೇ ಹಾಗೆ. ಅದರ ಮೊಟ್ಟಮೊದಲ ಮಾತು ಹೆಲೆನ್ ಅವರದ್ದು. ಗಂಡನಿಗೆ “ಗುಡ್ ಮಾರ್ನಿಂಗ್, ಡಿಯರ್” ಅಂದರು. ಆಗ ಅವರಿಗೆ 37. ನಡುವೆ ದೂರ ಉಳಿದ ದಿನಗಳನ್ನು ಬಿಟ್ಟರೆ, ನ್ಯಾನ್ಸಿ ಹ್ಯೂಸ್ ಅನ್ನೋ ಆ ಗೃಹಿಣಿಯಾಗಿಯೇ ಅವರು ಮುದುಕಿಯಾದರು. ಗಿನ್ನೆಸ್ ದಾಖಲೆಗೂ ಸೇರಿದರು.

ಮೊದಲ ವರ್ಷಗಳಲ್ಲಿ ಎಲ್ಲವೂ ಲೈವ್. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಮಾತು ಮರೆತರೆ ಮರೆತಿದ್ದನ್ನೂ ದೇಶವೆಲ್ಲ ನೋಡುತ್ತದೆ. ‘ಇನ್ನೊಂದು ಟೇಕ್ ತಗೊಳ್ಳೋಣ’ ಅನ್ನೋ ಮಾತೇ ಇಲ್ಲ.

1963ರ ನವೆಂಬರ್ 22, ಶುಕ್ರವಾರ ಮಧ್ಯಾಹ್ನ. ನ್ಯಾನ್ಸಿ ಮಾವನ ಹತ್ತಿರ ಮನೆ ವಿಷಯ ಮಾತಾಡುತ್ತಿದ್ದಾಳೆ. ಮಗ ಬಾಬ್ ತನ್ನ ಮಾಜಿ ಹೆಂಡತಿ ಲೀಸಾಳನ್ನು ಹಬ್ಬದ ಊಟಕ್ಕೆ ಕರೆದಿದ್ದಾನಂತೆ. ಎಲ್ಲ ಮನೆಯಲ್ಲೂ ಇರೋ ತಲೆನೋವು. ತಟ್ಟನೆ ಚಿತ್ರ ಹೋಯಿತು. ತೆರೆ ಮೇಲೆ ಬರೀ ‘ಸಿಬಿಎಸ್ ನ್ಯೂಸ್ ಬುಲೆಟಿನ್’ ಅನ್ನೋ ಅಕ್ಷರ, ಹಿಂದೆ ಸುದ್ದಿ ಓದುವ ವಾಲ್ಟರ್ ಕ್ರಾಂಕೈಟ್ ದನಿ: ಡಲ್ಲಾಸಿನಲ್ಲಿ ಅಧ್ಯಕ್ಷ ಕೆನಡಿ ಮೇಲೆ ಗುಂಡು. ಸ್ಟುಡಿಯೋದಲ್ಲಿ ನಟರಿಗೆ ಇದು ಗೊತ್ತೇ ಇಲ್ಲ. ಹೊರಗೆ ದೇಶ ಎದೆ ಹಿಡಿದುಕೊಂಡು ಕೂತಿದೆ, ಒಳಗೆ ಹೆಲೆನ್ ಊಟಕ್ಕೆ ಯಾರು ಬರುತ್ತಾರೆ ಅನ್ನೋದನ್ನೇ ಮಾತಾಡುತ್ತಿದ್ದಾರೆ. ಈ ದೃಶ್ಯ ನನ್ನ ತಲೆಯಿಂದ ಹೋಗೋದೇ ಇಲ್ಲ.

ಆ ಲೀಸಾ ಪಾತ್ರ ಮಾಡಿದ ಐಲೀನ್ ಫುಲ್ಟನ್ ಕಥೆ ಇನ್ನೊಂದು ಥರ. ಅವರು ಎಷ್ಟು ಚೆನ್ನಾಗಿ ಕೆಟ್ಟವರಾದರು ಅಂದರೆ ಬೀದಿಯಲ್ಲಿ ಒಬ್ಬ ಹೆಂಗಸು ಬಂದು ಹೊಡೆದೇಬಿಟ್ಟಳು. ಬುದ್ಧಿವಂತೆ ಬೇರೆ. ತನ್ನ ಪಾತ್ರವನ್ನು ಅಜ್ಜಿ ಮಾಡುವಂತಿಲ್ಲ ಅಂತ ಕರಾರಿನಲ್ಲೇ ಬರೆಸಿಕೊಂಡಿದ್ದರು! ನಗು ಬರುತ್ತೆ. ಆದರೆ ಕೆಲಸ ಹೋಗೋ ಭಯ ಇಲ್ಲದವರು ಹಾಗೆ ಬರೆಸಿಕೊಳ್ಳುತ್ತಾರಾ? ತೆರೆ ಮೇಲೆ ಅಜ್ಜಿಯಾದ ಹೆಂಗಸನ್ನು ಕಥೆಯ ಮೂಲೆಗೆ ತಳ್ಳೋದು ಎಷ್ಟು ಸುಲಭ ಅಂತ ಅವರಿಗೆ ಗೊತ್ತಿತ್ತು.

ನನ್ನ ಓಟು ಮಾತ್ರ ಹೆಲೆನ್‌ಗೆ. ಖಳನಾಯಕಿಗೆ ಕಣ್ಣು, ಹುಬ್ಬು, ಡೈಲಾಗು ಎಲ್ಲ ಸಿಗುತ್ತೆ. ಒಳ್ಳೇ ಅಮ್ಮನಿಗೆ ಸಿಗೋದು ಒಂದು ಕಪ್ ಕಾಫಿ. ಅದನ್ನು ಬಗ್ಗಿಸುತ್ತಾ ನೋಡೋರನ್ನು ದಶಕಗಟ್ಟಲೆ ಹಿಡಿದಿಡಬೇಕು. ಮಾಡಿ ನೋಡಿ ಗೊತ್ತಾಗುತ್ತೆ.

1986ರಲ್ಲಿ ಗಂಡನ ಪಾತ್ರ ಮಾಡುತ್ತಿದ್ದ ಡಾನ್ ಮೆಕ್‌ಲಾಫ್ಲಿನ್ ತೀರಿಕೊಂಡರು. ಕಥೆಯಲ್ಲೂ ಆ ಗಂಡ ಸತ್ತ. 30 ವರ್ಷದಿಂದ ತೆರೆ ಮೇಲೆ ಗಂಡನಾಗಿದ್ದವನಿಗಾಗಿ ಹೆಲೆನ್ ಕ್ಯಾಮೆರಾ ಮುಂದೆ ಅಳಬೇಕಿತ್ತು. ಆ ಅಳುವಿನಲ್ಲಿ ನಟನೆ ಎಷ್ಟು? ಲೆಕ್ಕ ಹಾಕೋರು ಯಾರು?

2010ರ ಮೇ 1ರಂದು, 91ನೇ ವಯಸ್ಸಿನಲ್ಲಿ ಹೆಲೆನ್ ಹೋದರು. ಆ ಹೊತ್ತಿಗೆ ಧಾರಾವಾಹಿ ನಿಲ್ಲಿಸೋದು ನಿರ್ಧಾರವಾಗಿತ್ತು. ಸೆಪ್ಟೆಂಬರ್ 17ಕ್ಕೆ ಕೊನೇ ಕಂತು. 1960ರಿಂದ ಅವರ ಮಗ ಬಾಬ್ ಆಗಿದ್ದ ನಟ ಡಾನ್ ಹೇಸ್ಟಿಂಗ್ಸ್, ಕಥೆಯಲ್ಲಿ ಈಗ ತಲೆ ನರೆತ ಡಾಕ್ಟರು, ತನ್ನ ಆಫೀಸು ಖಾಲಿ ಮಾಡಿ ಬಾಗಿಲ ಹತ್ತಿರ ಬರುತ್ತಾನೆ. “ಗುಡ್ ನೈಟ್” ಅನ್ನುತ್ತಾನೆ. ಅಮ್ಮ ಶುರು ಮಾಡಿದ್ದ ಮಾತನ್ನು ಮಗ ಮುಗಿಸಿದ.